ಮರದಾಗಿನ ಮಾತು

ಬ್ಯಾಸಿಗಿ ಮಧ್ಯಾಹ್ನ ಊಟ ಮುಗಿದು, ಪಡಸಾಲೆಯ ಪರಸಿಗೆ ನೀರು ಹೊಡೆದು ಒರೆಸಿ, ಆ ತಂಪಿಗೆ ನಾವು ಏಳೆಂಟು ಹುಡುಗರು ಬರಿಮೈಲೆ ಹೊಟ್ಟೆ ಹಚ್ಚಿ ಬಿದ್ದುಕೊಂಡಾಗ, ಆಯಿ, ಅವ್ವ, ಕಾಕಿ ಮೂವರೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಮರ ಹಿಡಿದು ಕೂಡುತ್ತಿದ್ದರು. ಮೊದಲು ಕಾಳು ಮರದಿಂದ ಮೇಲಕ್ಕೆ ಹಾರಿ ಬೀಳುವ ದಪ್ಪ ಸದ್ದು, ಅದರ ನಡುವೆ ಹಳ್ಳು ತಾಗಿದ ಟಣ್ ಎಂಬ ಒಂದೆರಡು ಸದ್ದು, ಹೊಟ್ಟು ಹಾರಿದ ಫಸ್ ಎಂಬ ಉಸಿರು, ಆಮೇಲೆ ಬರಬರುತ್ತ ಎಲ್ಲ ಒಂದಾಗಿ ಸಣ್ಣ ಮಳೆ ತಗಡಿನ ಮೇಲೆ ಬಿದ್ದ ಹಾಗೆ ಸರ್ ಸರ್ ಅಂತ ಒಂದೇ ಸಮನೆ ಕೇಳತೊಡಗಿದರೆ, ಹೊರಸಿನ ಮೇಲೆ ಮಲಗಿದ್ದ ಮುತ್ಯಾ ಕಣ್ಣು ತೆರೆಯದೆ, "ಹಾಂ, ಈಗ ಹಸನಾಯ್ತು ನೋಡು" ಅನ್ನುತ್ತಿದ್ದ. ಕಣ್ಣು ತೆರೆದರೂ ಅವನಿಗೆ ಅಷ್ಟು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಕಣ್ಣಿಗೆ ಬಂದ ಜಡ್ಡಿಗೂ ಮುತ್ತಿನ ಹೆಸರಿಟ್ಟ ಭಾಷೆ ಅದೆಂಥ ಖಾನದಾನಿ ಭಾಷೆ ಇರಬೇಕು ಅಂತ ಈಗ ಅನಿಸುತ್ತದೆ. ಆಗ ಅನಿಸಿದ್ದು ಇಷ್ಟೇ: ಮುತ್ಯಾ ಕಿವಿಯಲ್ಲೇ ಹಳ್ಳು ಆರಿಸುತ್ತಾನೆ.

ಸೇಡಮ್ಮಿನ ಆ ಮನೆಯಲ್ಲಿ ಹಸನ ಎಂಬುದು ದಿನಕ್ಕೆ ಹತ್ತು ಸಲ ಕೇಳುವ ಮಾತು. ಜ್ವಾಳ ಹಸನ ಮಾಡಬೇಕು, ನೆನೆಸಿ ಒಣಗಿಸಿ ಬೀಸುಕಲ್ಲಿನಲ್ಲಿ ಒಡೆದ ತೊಗರಿ ಹಸನ ಮಾಡಬೇಕು, ಪುಂಡಿಪಲ್ಯ ಸೋಸಿ ಹಸನ ಮಾಡಬೇಕು, ಬರೆದ ಅಕ್ಷರ ಹಸನ ಇರಬೇಕು, ಮಾರಿ ಹಸನ ತೊಳಕೊಂಡು ಬರಬೇಕು. ನಿಜಾಮರ ಕಾಲದಲ್ಲಿ ಸಾಲೆ ಕಲಿತ ಮುತ್ಯಾನಿಗೆ ಬರೆಯಲು ಬರುತ್ತಿದ್ದದ್ದು ಉರ್ದು ಮಾತ್ರ. ಹೊಲದ ಲೆಕ್ಕ, ಸಾಲದ ಲೆಕ್ಕ, ನಮ್ಮೆಲ್ಲರ ಹುಟ್ಟಿದ ತಾರೀಖು ಎಲ್ಲವೂ ಬಲದಿಂದ ಎಡಕ್ಕೆ ಹೋಗುವ ಆ ಅಕ್ಷರದಲ್ಲೇ ಒಂದು ಕೆಂಪು ಬಟ್ಟೆಯ ವಹಿಯಲ್ಲಿದ್ದವು. ಅವನು ಒಂದು ದಿನ ನಗುತ್ತ ಹೇಳಿದ: "ಹುಸ್ನ್ ಅಂದ್ರ ಏನು ಗೊತ್ತದೇನ್ರೋ? ಹಸೀನ್ ಅಂದ್ರ? ಛಂದ ಅಂತ. ನಿಮ್ಮ ಆಯಿ ಇಷ್ಟೊತ್ತು ಕಾಳಿಗಿ ಛಂದ ಮಾಡ್ಲತ್ತಾಳ." ಆಯಿ ಮರ ನಿಲ್ಲಿಸದೆ, "ನನಗ ಯಾರ್ ಮಾಡ್ತಾರ?" ಅಂದಳು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮಗೆ ಏನೂ ತಿಳಿಯಲಿಲ್ಲ, ಆದರೂ ಎಲ್ಲರೂ ನಕ್ಕರೆಂದು ನಾವೂ ನಕ್ಕೆವು.

ಮರ ಎಂದರೆ ನಮಗೆ ಕಾಳು ಕೇರುವ ಈ ಮರವೇ. ಹೊಲದಲ್ಲಿ, ರಸ್ತೆಯ ಬದಿಗೆ ನಿಂತಿರುವುದು ಗಿಡ. ಸಾಲೆಗೆ ಹೊಸದಾಗಿ ಬಂದ, ಶಿವಮೊಗ್ಗ ಕಡೆಯ ಕನ್ನಡ ಮಾಸ್ತರರು ಮೊದಲ ದಿನವೇ ಪುಸ್ತಕ ತೆರೆದು, ಹುಡುಗನೊಬ್ಬ ಮರದ ಕೆಳಗೆ ಮಲಗಿದ ಪಾಠ ಓದಿದಾಗ ಇಡೀ ವರ್ಗ ಗೊಳ್ಳೆಂದಿತು. ಮರದ ಕೆಳಗೆ ಮಲಗಬೇಕಾದರೆ ಆ ಹುಡುಗ ಇಲಿಯಷ್ಟಿರಬೇಕು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಗಿತ್ತು, ಆದರೆ ಎಪ್ಪತ್ತರ ದಶಕದ ಕೊನೆಗೆ ಸಾಲೆಯಲ್ಲಿ ಕೂತ ನಮಗೆ ಪುಸ್ತಕದ ಕನ್ನಡವು ಇನ್ನೂ ಬೀಗರ ಮನೆಯ ಕನ್ನಡವೇ ಆಗಿತ್ತು. ಅದರ ಮುಂದೆ ಕಾಲು ಮಡಚಿ ಕೂಡಬೇಕು, ಸಪ್ಪಳ ಮಾಡದೆ ಉಣ್ಣಬೇಕು.

ಆ ಮಾಸ್ತರರು ಒಳ್ಳೆಯವರು. ಒಂದು ಶನಿವಾರ ಮುಂಜಾನೆ ಕರಿಹಲಗೆಯ ತುಂಬ ಬರೆದರು: ಸುಂದರ, ಚೆಲುವು, ಸೊಬಗು, ಸೊಗಸು, ಬೆಡಗು, ಒನಪು, ರಮ್ಯ, ಮನೋಹರ, ಲಾಲಿತ್ಯ, ಲಾವಣ್ಯ. ಎಲ್ಲದರ ಅರ್ಥ ಹೆಚ್ಚುಕಡಿಮೆ ಒಂದೇ, ಬರೆದುಕೊಳ್ಳಿ, ಸೋಮವಾರ ಒಂದೊಂದನ್ನೂ ವಾಕ್ಯದಲ್ಲಿ ಬಳಸಿಕೊಂಡು ಬನ್ನಿ ಅಂದರು. ನಾವು ದಂಗಾದೆವು. ಛಂದ ಎಂಬ ಒಂದೇ ಮಾತಿನಲ್ಲಿ ಮಳೆ, ಎತ್ತು, ಹೊಸ ಅಂಗಿ, ಸಿನಿಮಾ, ಭಜ್ಜಿ, ಎಲ್ಲ ನಡೆದುಹೋಗುತ್ತಿದ್ದ ಮನೆಯವರಿಗೆ ಹತ್ತು ಮಾತು ಯಾಕೆ ಬೇಕು? ಸೋಮವಾರ ನನ್ನ ಪಕ್ಕದವನು ಎದ್ದು ನಿಂತು, ಕೈ ಕಟ್ಟಿಕೊಂಡು, ಗಟ್ಟಿಯಾಗಿ ಓದಿದ: "ನಮ್ಮ ಎಮ್ಮೆಯು ಬಹಳ ಲಾವಣ್ಯವತಿಯಾಗಿದೆ." ಮಾಸ್ತರರು ಬೆನ್ನು ತಿರುಗಿಸಿ ಹಲಗೆ ಒರೆಸಲು ಶುರು ಮಾಡಿದರು. ಅವರ ಭುಜ ಅಲುಗುತ್ತಿದ್ದದ್ದು ನಮಗೆ ಕಾಣುತ್ತಿತ್ತು. ತಿರುಗಿ ನಿಂತು ಹೇಳಿದ್ದು ಮಾತ್ರ ನಾವು ಮರೆಯದ ಮಾತು: ಲಾವಣ್ಯ ಬಂದದ್ದು ಲವಣದಿಂದ, ಲವಣ ಎಂದರೆ ಉಪ್ಪು.

ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ಆಯಿಗೆ ಆಶ್ಚರ್ಯವೇ ಆಗಲಿಲ್ಲ. "ಮತ್ತ? ಉಪ್ಪಿಲ್ದ ಮಾರಿ ನೋಡ್ಬೇಕೇನು?" ಅಂದಳು. ಹೊರಸಿನ ಮೇಲಿಂದ ಮುತ್ಯಾ ಅಂದ, ಉರ್ದುವಿನವರೂ ಹಾಗೇ ಅನ್ನುತ್ತಾರಂತೆ, ನಸುಗಪ್ಪು ಮಾರಿಯ ಛಂದಕ್ಕೆ ನಮಕೀನ್ ಅನ್ನುತ್ತಾರಂತೆ, ಬಿಳಿ ಮಾರಿಗೆ ಆ ಮಾತು ಸಲ್ಲದಂತೆ. ಕರ್ರಗಿದ್ದ ನನ್ನ ಅಕ್ಕ ಬೀಸುಕಲ್ಲಿನ ಹತ್ತಿರ ಕೂತು ಅದನ್ನು ಕೇಳಿಸಿಕೊಂಡಳು, ಕೇಳಿಸಿಕೊಳ್ಳದವಳ ಹಾಗೆ ಗೂಟ ತಿರುವಿದಳು. ಅಂದಿನಿಂದ ಎಷ್ಟೋ ದಿನ ಅವಳ ನಡಿಗೆಯೇ ಬೇರೆ ಇತ್ತು.

ಉಪ್ಪಿಗೂ ಛಂದಕ್ಕೂ ಇನ್ನೊಂದು ಸಂಬಂಧವಿತ್ತು, ಅದು ಪುಸ್ತಕದವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಯಾವ ಕೂಸನ್ನೂ ಬಾಯಿ ತುಂಬ ಛಂದ ಅದ ಎಂದವರಿಲ್ಲ. ನದರ ಹತ್ತುತ್ತದೆ. ತೊಟ್ಟಿಲೊಳಗಿನ ಕೂಸು ಬೆಣ್ಣೆಮುದ್ದೆಯ ಹಾಗಿದ್ದರೂ ನೋಡಲು ಬಂದವರು, "ಥೂ, ಏನ್ ಖೋಡಿ ಅದ ಇದು, ಮಂಗ್ಯಾನಂಗ" ಅನ್ನಬೇಕು, ಅದೇ ಮರ್ಯಾದೆ. ಯಾರಾದರೂ ತಡೆಯಲಾರದೆ ಹೊಗಳಿಬಿಟ್ಟರೆ ಅವರು ಹೊಸಲು ದಾಟಿದ ಕೂಡಲೇ ಆಯಿ ಒಂದು ಮುಷ್ಟಿ ಉಪ್ಪು, ಮೂರು ಒಣಮೆಣಸಿನಕಾಯಿ ಹಿಡಿದು, ಕೂಸಿನ ತಲೆಯಿಂದ ಕಾಲತನಕ ಮೂರು ಸಲ ಇಳಿ ತೆಗೆದು ಒಲೆಗೆ ಹಾಕುತ್ತಿದ್ದಳು. ಉಪ್ಪು ಚಟಪಟ ಸಿಡಿಯುತ್ತಿತ್ತು. ಜೋರಾಗಿ ಸಿಡಿದಷ್ಟೂ ನದರು ಕೆಟ್ಟದಿತ್ತೆಂದು ಅರ್ಥ, ಮೆಣಸಿನಕಾಯಿ ಘಾಟು ಬರಲಿಲ್ಲವೆಂದರೆ ಇನ್ನೂ ಕೆಟ್ಟದು. ಹೀಗಾಗಿ ನಮ್ಮ ಮನೆಯಲ್ಲಿ ಹೊಗಳಿಕೆಯ ಮಾತೆಲ್ಲ ಮಂದಿಯನ್ನು ಬಿಟ್ಟು ಸಾಮಾನುಗಳ ಮೇಲೆ ಬೀಳುತ್ತಿದ್ದವು. ಅವ್ವನ ರೊಟ್ಟಿಯ ಅಂಚು ನಾಜೂಕು, ಕಾಕಿ ಹೊಲಿದ ಕೌದಿಯ ಟಾಕಿ ನಾಜೂಕು, ಎತ್ತಿನ ಕೋಡು ಡೌಲು, ಗೋಧಿ ಹುಗ್ಗಿ ಖಮಂಗ, ನೀರಿನ ತಂಬಿಗೆ ತಿಕ್ಕಿದ್ದು ಲಕಲಕ. ಅವ್ವನ ಬಗ್ಗೆ ಅಪ್ಪ ಒಂದು ಒಳ್ಳೆ ಮಾತು ಆಡಿದ್ದನ್ನು ನಾನು ಕೇಳಿಲ್ಲ, ಆದರೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ "ನಾಜೂಕ ಆಗ್ಯಾದ" ಅಂದದ್ದನ್ನು ಎಷ್ಟು ಸಲ ಕೇಳಿದ್ದೇನೋ. ಅವ್ವ ಹಂಚಿನ ಕಡೆ ತಿರುಗಿ ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು, ತುಸು ಜೋರಾಗಿ.

ಅಪ್ಪ ಶಹಾಬಾದಿನಲ್ಲಿ ಪರಸಿಯ ಡಿಪೋ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಶನಿವಾರ ರಾತ್ರಿ ರೈಲಿನಿಂದ ಇಳಿದು ಬಂದರೆ ಅವನ ಹುಬ್ಬಿನಲ್ಲೂ ಕಲ್ಲಿನ ಪುಡಿ ಇರುತ್ತಿತ್ತು, ಹತ್ತಿರ ಹೋದರೆ ಒದ್ದೆ ಸುಣ್ಣದ ವಾಸನೆ. ಭೂಮಿಯೊಳಗೆ ವಹಿಯ ಹಾಳೆಗಳ ಹಾಗೆ ಒಂದರ ಮೇಲೊಂದು ಮಲಗಿದ ಆ ಕಲ್ಲನ್ನು ಸಂದು ನೋಡಿ ಎಬ್ಬಿಸಿ, ಉಳಿ ಹಿಡಿದು ಅಂಚು ಹೊಡೆದು, ತೀಡಿ ಪಾಲಿಶ್ ಮಾಡಿ ಬೊಂಬಾಯಿ, ಹೈದರಾಬಾದಿಗೆಲ್ಲ ಕಳಿಸುತ್ತಿದ್ದರು. ನಮ್ಮ ಕಡೆ ನೆಲಕ್ಕೂ ಅದೇ, ಗೋಡೆಗೂ ಅದೇ, ಮಾಳಿಗೆಗೂ ಅದೇ, ಹೊಲದ ಬೇಲಿಗೂ ಅದನ್ನೇ ನೆಟ್ಟಗೆ ನಿಲ್ಲಿಸುತ್ತಿದ್ದೆವು. ಅಪ್ಪ ಛಂದ ಎಂಬ ಮಾತನ್ನು ಹೆಚ್ಚು ಬಳಸುತ್ತಿರಲಿಲ್ಲ. ಗೌಂಡಿಗಳ ಸಂಗದಿಂದ ಕಲಿತ ಗುನ್ಯಾ ಅವನ ಮಾತು. ಮೂಲೆ ಸರಿಯಾಗಿ ಕೂತರೆ ಗುನ್ಯಾದಾಗ ಅದ. ಅಕ್ಕನಿಗೆ ಗಂಡು ನೋಡಲು ಹೋಗಿ ಬಂದ ದಿನ ಅವ್ವ ಹೊಸಲಲ್ಲೇ ನಿಲ್ಲಿಸಿ, ಹುಡುಗ ನೋಡಲು ಹೆಂಗದಾನ ಅಂತ ಕೇಳಿದರೆ ಅಪ್ಪ ಚಪ್ಪಲಿ ಬಿಡುತ್ತ, "ಗುನ್ಯಾದಾಗ ಅದಾನ" ಅಂದ. ಮದುವೆ ಗಟ್ಟಿಯಾದದ್ದು ಆ ಒಂದು ಮಾತಿನಿಂದ.

ವಾಡಿಯಲ್ಲಿ ರೈಲ್ವೆಯಲ್ಲಿದ್ದ ಕಾಕಾನ ಮನೆಗೆ ಸೂಟಿಯಲ್ಲಿ ಹೋಗುವುದೆಂದರೆ ಇನ್ನೊಂದು ಭಾಷೆಗೆ ಹೋದ ಹಾಗೆ. ಸೇಡಮ್ಮಿನಲ್ಲಿ ಪ್ಯಾಸೆಂಜರ್ ಹತ್ತಿದರೆ ಮಳಖೇಡ ರೋಡ್, ಚಿತ್ತಾಪುರ, ಆಮೇಲೆ ವಾಡಿ. 1874ರಲ್ಲಿ ನಿಜಾಮರು ಸಿಕಂದರಾಬಾದಿನಿಂದ ಹಾಕಿಸಿದ ದಾರಿ ಬೊಂಬಾಯಿ–ಮದ್ರಾಸಿನ ದಾರಿಗೆ ಬಂದು ಕೂಡುವುದು ಅಲ್ಲೇ. ಕೂಡುವಲ್ಲಿ ಮಂದಿಯೂ ಕೂಡಿದ್ದರು: ತೆಲುಗರು, ತಮಿಳರು, ಸೋಲಾಪುರದವರು, ಹಿಂದಿಯವರು. ಆ ಸಾಲು ಮನೆಗಳಲ್ಲಿ ಏನು ಛಂದ ಕಂಡರೂ ಫಸ್ಟ್‌ಕ್ಲಾಸ್. ಚಹಾ ಫಸ್ಟ್‌ಕ್ಲಾಸ್, ಮಳೆ ಫಸ್ಟ್‌ಕ್ಲಾಸ್, ಸತ್ತವರ ಮಣ್ಣಿಗೆ ಮಂದಿ ಬಹಳ ಸೇರಿದ್ದರೆ ಅದೂ ಫಸ್ಟ್‌ಕ್ಲಾಸ್. ನಾವು ಆ ದರ್ಜೆಯ ಡಬ್ಬಿಯನ್ನು ಹೊರಗಿನಿಂದಲೇ ನೋಡಿದ್ದವರು. ರಾತ್ರಿ ಮೇಲ್ ಗಾಡಿ ಬಂದು ನಿಂತಾಗ ಕಿಟಕಿಯೊಳಗಿನ ನೀಲಿ ದೀಪ, ಬಿಳಿ ದಿಂಬು, ಮಲಗಿದ ಹೆಂಗಸಿನ ಒಂದು ಬಳೆಗೈ ಕಂಡು, ಆ ಮಾತಿಗೆ ಇರುವ ಅರ್ಥ ಅಷ್ಟೂ ಅಲ್ಲೇ ತಿಳಿದಂತಾಗುತ್ತಿತ್ತು. ಸೋಲಾಪುರ ಕಡೆಯಿಂದ ಬಂದ ಪಕ್ಕದ ಮನೆಯಾಕೆ ನಮ್ಮ ತಂಗಿಗೆ ಜಡೆ ಹೆಣೆದು, "ಸುರೇಖ" ಎಂದು ಬೆನ್ನು ತಟ್ಟಿದ್ದಳು. ಅದು ಹೆಸರೆಂದುಕೊಂಡ ತಂಗಿ, ಇಲ್ಲ, ನನ್ನ ಹೆಸರು ಬೇರೆ ಅದ ಅಂತ ಅಳಲು ಶುರು ಮಾಡಿದಳು.

ಚಿಂಚೋಳಿಯ ಅತ್ತಿಯ ಮನೆಯಲ್ಲಿ ಮಾತಿನ ಅರ್ಧ ತೆಲುಗು. ಛಂದ ಹೋಗಿ ಅಂದಂ ಆಗುತ್ತಿತ್ತು, ಕನ್ನಡದ ಸೊಗಸು ಅಲ್ಲಿಯೂ ಸೊಗಸೇ. ಕರಿಹಲಗೆಯ ಮೇಲೆ ಕಂಡು ಹೆದರಿದ್ದ ಮಾತನ್ನು ಅತ್ತಿ ಬದನೆಕಾಯಿ ಹೆಚ್ಚುತ್ತ ಆಡಿದಾಗ ನಮಗೆ ಪರಮಾಶ್ಚರ್ಯ. ಕುಂಚಾವರಂ ಅಡವಿಯ ಕಡೆಯ ತಾಂಡಾದ ಹೆಂಗಸರು ಸೀತಾಫಲದ ಬುಟ್ಟಿ ಹೊತ್ತು ಬರುತ್ತಿದ್ದರು, ಅವರ ಕನ್ನಡಿ ಹಚ್ಚಿದ ಕುಪ್ಪಸದಿಂದ ಬಿಸಿಲು ಚೂರುಚೂರಾಗಿ ಅತ್ತಿಯ ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. ನಾವು ಆ ಚೂರುಗಳನ್ನು ಅಂಗೈಯಲ್ಲಿ ಹಿಡಿಯಲು ಗೋಡೆಗೆ ಬಡಿಯುತ್ತಿದ್ದೆವು. ಹಣ್ಣು ಮಾಗಿದೆಯೋ ಇಲ್ಲವೋ ಎಂದು ಒತ್ತಿ ನೋಡಿದರೆ ಅವರು "ಆಛೋ, ಆಛೋ" ಅನ್ನುತ್ತಿದ್ದರು. ಅದನ್ನೂ ತಂದು ಸೇಡಮ್ಮಿನ ಮನೆಯಲ್ಲಿ ಬಿಟ್ಟೆವು. ಒಂದು ತಿಂಗಳು ಎಲ್ಲರ ಬಾಯಲ್ಲೂ ಆಛೋ.

ಚಿತ್ತಾಪುರ ಅವ್ವನ ತವರು. ಅಲ್ಲಿಂದ ಒಂದು ಸಲ ಬಂಡಿ ಕಟ್ಟಿಕೊಂಡು ಸನ್ನತಿಯ ಚಂದ್ರಲಾಂಬಾನ ದರ್ಶನಕ್ಕೆ ಹೋದದ್ದು ನೆನಪಿದೆ. ಭೀಮಾ ನದಿಯ ದಂಡೆ, ಸುಡುವ ಮಳಲು, ಬುತ್ತಿಯ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಹೊಲಗಳಲ್ಲಿ ಅಲ್ಲಲ್ಲಿ ನಕ್ಷಿ ಕೊರೆದ ಹಳೆಯ ಕಲ್ಲು ಬಿದ್ದಿದ್ದವು. ಒಂದರ ಮೇಲೆ ಹೆಣ್ಣೊಬ್ಬಳು ಸೊಂಟ ಓರೆ ಮಾಡಿ ನಿಂತಿದ್ದಳು, ಮೂಗು ಇರಲಿಲ್ಲ. ಅವ್ವ ಸೆರಗಿನಿಂದ ಆ ಮಾರಿಯ ಮಣ್ಣು ಒರೆಸಿ, "ಏನ್ ನಿಲುವು ಅದ ನೋಡು ಇಕಿದು" ಅಂದಳು. ಬದುಕಿರುವ ಹೆಣ್ಣಿಗೆ ನದರು ಹತ್ತುತ್ತದೆ, ಕಲ್ಲಿಗೆ ಹತ್ತುವುದಿಲ್ಲವಲ್ಲ. 1986ರಲ್ಲಿ ಅಲ್ಲಿಯ ಗುಡಿಯೊಂದರ ಮಾಳಿಗೆ ಕುಸಿದು, ದೇವಿಯ ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾದದ್ದು, ತೊಂಬತ್ತರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಅಗೆದು ತೆಗೆದದ್ದು, ಅದರಲ್ಲಿ ರಾಣಿಯ ಜೊತೆ ನಿಂತ ರಾಜನ ಚಿತ್ರ, ಮೇಲೆ ಬ್ರಾಹ್ಮಿಯಲ್ಲಿ ರಾಯ ಅಸೋಕ ಎಂಬ ಬರಹ ಸಿಕ್ಕದ್ದು, ಇವೆಲ್ಲ ನಾನು ಪೇಪರಿನಲ್ಲಿ ಓದಿದ ಸಂಗತಿ. ಬೌದ್ಧರ ಹಳೆಯ ಕತೆಯೊಂದರಲ್ಲಿ ಅಶೋಕನ ಮೈ ಒರಟು, ತಂದೆಗೇ ಅವನು ಬೇಡವಾಗಿದ್ದ ಎಂದಿದೆ. ನಮ್ಮ ಕಡೆಯ ಸುಣ್ಣಗಲ್ಲಿನಲ್ಲಿ ಮಾತ್ರ ಅವನು ನಾಜೂಕಾಗಿ ನಿಂತಿದ್ದಾನೆ, ಹಿಂದೆ ಛತ್ರಿ, ಚಾಮರ ಹಿಡಿದವರು. ಕೊರೆದ ಆ ಕೈಗಳ ಮೊಮ್ಮಕ್ಕಳ ಮೊಮ್ಮಕ್ಕಳೇ ಅಪ್ಪನ ಡಿಪೋಗೆ ಪರಸಿ ಹೊಡೆಯುತ್ತಿದ್ದರೇನೋ. ಇದು ನನ್ನ ಆಸೆ ಅಷ್ಟೇ.

ಮಾಸ್ತರರು ನಮ್ಮನ್ನು ಮಳಖೇಡಕ್ಕೂ ಕರೆದುಕೊಂಡು ಹೋಗಿದ್ದರು. ಕಾಗಿಣಾ ಹೊಳೆಯ ಮಗ್ಗುಲಿಗೆ ಕುಸಿದ ಕೋಟೆ, ಜಾಲಿ ಕಂಟಿ, ಆಡು. ಇದೇ ರಾಷ್ಟ್ರಕೂಟರ ಮಾನ್ಯಖೇಟ, ಇಲ್ಲೇ ಅಮೋಘವರ್ಷ ನೃಪತುಂಗನ ಆಸ್ಥಾನ, ಸುಮಾರು 850ರ ಹೊತ್ತಿಗೆ ಶ್ರೀವಿಜಯ ಕವಿರಾಜಮಾರ್ಗ ಬರೆದದ್ದು ಇಲ್ಲಿ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕವೇ ಮಾತನ್ನು ಹೇಗೆ ಛಂದ ಮಾಡಬೇಕು ಎಂಬುದರ ಪುಸ್ತಕ ಕಣ್ರೋ ಎಂದು ಅವರು ಹೇಳುವಾಗ ಅವರ ದನಿ ನಡುಗಿತು. ನಾವು ಕೋಟೆಯ ಗೋಡೆಯ ಮೇಲೆ ಹತ್ತಿ ಕೂತಿದ್ದೆವು. ಅವರು ಇನ್ನೊಂದು ಮಾತು ಹೇಳಿದರು: ಸಂಸ್ಕೃತವನ್ನೂ ಕನ್ನಡವನ್ನೂ ತಿಳಿಯದೆ ಸಮಾಸದಲ್ಲಿ ಬೆರೆಸಿದರೆ, ಮರಳುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ರಸ ಕೆಡುತ್ತದೆ ಎಂದು ಆ ಪುಸ್ತಕದಲ್ಲಿದೆಯಂತೆ. ನನಗೆ ಎದೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಬೆರೆಸದೆ ಆಡಿದ ಮಾತು ಒಂದಾದರೂ ಇತ್ತೇ? ಉರ್ದುವಿನ ನಾಜೂಕು, ಮರಾಠಿಯ ಖಮಂಗ, ತೆಲುಗಿನ ಅಂದಂ, ರೈಲಿನ ಫಸ್ಟ್‌ಕ್ಲಾಸ್!

ರಾತ್ರಿ ಉಣ್ಣುವಾಗ ಹೆದರುತ್ತಲೇ ಆಯಿಗೆ ಹೇಳಿದೆ. ಆಕೆ ತುತ್ತು ನಿಲ್ಲಿಸಿ ಯೋಚಿಸಿದಳು. "ಖರೆ ಹೇಳ್ಯಾನ, ಮರಳೋ ಹಾಲಿಗಿ ಹಾಕಿದ್ರ ಒಡೀತದ. ಉಗುರ ಬೆಚ್ಚಗ ಆಗಾತನ ತಡೀಬೇಕು. ಆಗ ಹಾಕಿದ್ರ ಹೆಪ್ಪಾಗ್ತದ" ಅಂದಳು. ನೆಲವಿನಿಂದ ಗಡಿಗೆ ಇಳಿಸಿ, ಚಾಕುವಿನಿಂದ ಕೊಯ್ಯುವಂಥ ಮೊಸರನ್ನು ನನ್ನ ಗಂಗಾಳಕ್ಕೆ ಹಾಕಿದಳು. ಶ್ರೀವಿಜಯನಿಗೆ ಹನ್ನೊಂದು ನೂರು ವರ್ಷದ ಮೇಲೆ ಅವನ ಊರ ಕಡೆಯ ಹೆಣ್ಣುಮಗಳೊಬ್ಬಳು ಕೊಟ್ಟ ಟಿಪ್ಪಣಿ ಅದು.

ಹಸನ ಎಂಬ ಮಾತು ಕನ್ನಡದ್ದೋ ಮುತ್ಯಾನ ಉರ್ದುವಿನದೋ ಎಂದೂ ಮಾಸ್ತರರನ್ನು ಕೇಳಿದ್ದೆ. ದೊಡ್ಡ ನಿಘಂಟಿನಲ್ಲಿ ನೋಡಿ ಹೇಳುತ್ತೇನೆ ಅಂದಿದ್ದರು. ಮುಂದಿನ ಜೂನ್‌ನಲ್ಲಿ ಸಾಲೆ ತೆರೆದಾಗ ಅವರಿಗೆ ತಮ್ಮ ಊರ ಕಡೆ ವರ್ಗವಾಗಿತ್ತು. ನಾವು ಹುಡುಗರು ಸ್ಟೇಷನ್ನಿಗೂ ಹೋಗಲಿಲ್ಲ, ನಮಗೆ ಯಾರೂ ಹೇಳಿರಲೇ ಇಲ್ಲ.

ಎಂಬತ್ತರ ದಶಕದಲ್ಲಿ ಸೇಡಮ್ಮಿಗೆ ಸಿಮೆಂಟಿನ ಕಾರ್ಖಾನೆ ಬಂತು, ಅದರ ಹೆಸರು ವಾಸವದತ್ತಾ. ಆಗ ನಾನು ಕಾಲೇಜಿನ ಪುಸ್ತಕ ಓದುತ್ತಿದ್ದೆನಾದ್ದರಿಂದ ಭಾಸ ಕವಿಯ ನಾಟಕದ ಆ ರಾಣಿ, ಆಕೆಗೆ ವೀಣೆ ಕಲಿಸಿದ ಉದಯನ, ಎಲ್ಲ ಕತೆಯನ್ನು ಮುತ್ಯಾನಿಗೆ ಹೇಳಿದೆ. ಅವನಿಗೆ ಆಗ ಪೂರಾ ಕಾಣುತ್ತಿರಲಿಲ್ಲ. "ಅಷ್ಟು ಛಂದ ಇದ್ಲೇನು?" ಅಂತ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಚೀಲದ ಮ್ಯಾಲ ಹೆಸರು ಯಾವ ಅಕ್ಷರದಾಗ ಬರದಾರ? ಹಸನ ಅದಾವೇನು?" ಅಂದ. ಬೋರು ಕಡ್ಡಿಯ ಕಲಮು ಕೆತ್ತಿ, ದವಾತಿಯಲ್ಲಿ ಅದ್ದಿ, ತಖ್ತಿಯ ಮೇಲೆ ಬರೆದು ಕಲಿತವನಿಗೆ ರಾಣಿಗಿಂತ ಅಕ್ಷರದ ಚಿಂತೆ. ಅದಾದ ಎರಡನೆಯ ಎಳ್ಳಮಾಸಿಗೆ ಅವನಿರಲಿಲ್ಲ. ಕೆಂಪು ಬಟ್ಟೆಯ ವಹಿಯನ್ನು ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲ, ಆದರೂ ಆ ಗೆರೆಗಳನ್ನು ನೋಡಿದವರೆಲ್ಲ ಹಸನ ಅವ ಅನ್ನುತ್ತಾರೆ.

ಈಗ ಪಡಸಾಲೆಯಲ್ಲಿ ಟೈಲ್ಸ್ ಇದೆ. ತೆಗೆದ ಪರಸಿಗಳು ಹಿತ್ತಲ ಗಟಾರದ ಮೇಲೆ ಮಗುಚಿ ಬಿದ್ದಿವೆ. ಮೊನ್ನೆ ಹೋದಾಗ ಒಂದನ್ನು ಕೈಯಿಂದ ಸವರಿದೆ, ನಮ್ಮ ಹೊಟ್ಟೆಗಳು ತೀಡಿದ ನುಣುಪು ಇನ್ನೂ ಇದೆ. ಅಣ್ಣನ ಮೊಮ್ಮಗಳು ಫೋನಿನಲ್ಲಿ ಏನೇ ತೋರಿಸಿದರೂ ಸೂಪರ್ ಅನ್ನುತ್ತಾಳೆ, ಒಳ್ಳೆ ಚುರುಕು ಹುಡುಗಿ. ನಾನು ಬಾಯಿ ತಪ್ಪಿ, "ಎಷ್ಟು ಛಂದ ಬೆಳದಾಳಲ್ಲೊ ಇಕಿ" ಅಂದುಬಿಟ್ಟೆ. ಅಕ್ಕ ಒಳಗಿನಿಂದಲೇ, "ಉಪ್ಪು ಎಲ್ಲದ ನೋಡ್ರೇ" ಅಂತ ಕೂಗಿದಳು. ಮನೆಯಲ್ಲಿ ಒಲೆ ಇಲ್ಲ, ಗ್ಯಾಸಿನ ಮೇಲೆ ಉಪ್ಪು ಹಾಕುವ ಹಾಗಿಲ್ಲ. ಕೊನೆಗೆ ಇಳಿ ತೆಗೆದ ಉಪ್ಪನ್ನು ಸಿಂಕಿಗೆ ಹಾಕಿ ನೀರು ಬಿಟ್ಟಳು.

ಮಧ್ಯಾಹ್ನ ಹೊಲದಿಂದ ಬಂದ ಅರ್ಧ ಚೀಲ ತೊಗರಿ ಇತ್ತು. ಅಕ್ಕನಿಗೀಗ ಮಂಡಿನೋವು, ಗೋಡೆಗೆ ಆತು ಕುರ್ಚಿಯಲ್ಲಿ ಕೂತಳು. ಆಯಿಯ ಮರ ಇನ್ನೂ ಅಡುಗೆಮನೆಯ ಗೂಟಕ್ಕಿತ್ತು. ನಮ್ಮ ಮನೆಯಲ್ಲಿ ಗಂಡಸು ಮರ ಹಿಡಿದದ್ದನ್ನು ಯಾರೂ ಕಂಡಿಲ್ಲ. ನಾನು ಇಳಿಸಿ, ಒರೆಸಿ, ನಾಲ್ಕು ಬೊಗಸೆ ಕಾಳು ಸುರುವಿಕೊಂಡು ಕೇರಲು ಕೂತೆ. ಮೊದಲ ಸಲ ಅರ್ಧ ಕಾಳು ಟೈಲ್ಸಿನ ಮೇಲೆ ಚೆಲ್ಲಿ ಮೂಲೆ ಮೂಲೆಗೆ ಓಡಿದವು. ಎರಡನೆಯ ಸಲ ಹೊಟ್ಟೆಲ್ಲ ನನ್ನ ಮಾರಿಗೇ ಬಂತು. ಬಹಳ ಹೊತ್ತಿನ ಮೇಲೆ ಸದ್ದು ತುಸು ಒಂದಾದಂತೆ ಅನಿಸಿ, ಅಕ್ಕನ ಕಡೆ ನೋಡಿದೆ. ಆಕೆ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ ಕೇಳುತ್ತಿದ್ದಳು.

"ಇನ್ನಾ ಆಗಿಲ್ಲ" ಅಂದಳು. "ಒಂದು ಹಳ್ಳು ಅದ."